ಮನೆಯ ನಾಯಿ, ಬೆಕ್ಕಿಗೆ ಸಸ್ಯಾಹಾರ ಸಾಕೇ?

ನಮ್ಮ ಹಳ್ಳಿಗಳಲ್ಲಿ ನಾಯಿ ಇಲ್ಲದ ತೋಟದ ಮನೆ, ಬೆಕ್ಕು ಸುಳಿಯದ ಕಣಜ ಅಪರೂಪ. ಹೊಲ, ಕಣ, ಕುರಿಹಟ್ಟಿ ಕಾಯುವುದಕ್ಕೆ ನಾಯಿ ಬೇಕು. ಕಾಳಿನ ಚೀಲಗಳನ್ನು ಇಲಿ, ಹೆಗ್ಗಣಗಳಿಂದ ಉಳಿಸುವುದಕ್ಕೆ ಬೆಕ್ಕು ಬೇಕು. ಆದರೆ ಎತ್ತಿಗೆ ಎಷ್ಟು ಹುರುಳಿ, ಹಸುವಿಗೆ ಎಷ್ಟು ಹಿಂಡಿ ಎಂದು ಲೆಕ್ಕ ಹಾಕುವ ರೈತನು ನಾಯಿಗೂ ಬೆಕ್ಕಿಗೂ ಲೆಕ್ಕ ಇಡುವುದಿಲ್ಲ. ಉಳಿದ ಮುದ್ದೆ ನಾಯಿಗೆ, ತಳದಲ್ಲಿ ಉಳಿದ ಹಾಲು ಬೆಕ್ಕಿಗೆ ಎಂಬುದೇ ರೂಢಿ.

ಇತ್ತೀಚೆಗೆ ಈ ವಿಷಯದಲ್ಲಿ ಒಂದು ಪ್ರಶ್ನೆ ರೈತರ ಮನೆಗಳಲ್ಲೇ ಎದ್ದಿದೆ. ಮಾಂಸ, ಮೀನು ತರದ ಮನೆಗಳಲ್ಲಿ ನಾಯಿಯನ್ನು ಬರೀ ಮುದ್ದೆ, ಅನ್ನ, ಮಜ್ಜಿಗೆಯ ಮೇಲೆ ಸಾಕಬಹುದೇ? ಪಟ್ಟಣದಲ್ಲಿ ಓದುವ ಮಕ್ಕಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹಾಲು, ಮೊಟ್ಟೆಯನ್ನೂ ಬಿಟ್ಟ ಸಂಪೂರ್ಣ ಸಸ್ಯಾಹಾರವನ್ನೇ ಪ್ರಾಣಿಗಳಿಗೂ ಕೊಡೋಣ ಎನ್ನುತ್ತಾರೆ. ಇದಕ್ಕೆ ಅವರು ಬಳಸುವ 'ವೀಗನ್' ಎಂಬ ಪದ 1944ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ್ದು. ಪ್ರಾಣಿಗೆ ನೋವು ಕೊಡಬಾರದೆಂಬ ಅವರ ಭಾವನೆ ಒಳ್ಳೆಯದೇ. ಆದರೆ ಅದೇ ಭಾವನೆಯಿಂದ ಮನೆಯ ಪ್ರಾಣಿಗೆ ನೋವಾಗಬಾರದಷ್ಟೆ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಕಾಳು, ಬೇಳೆ, ಮೊಸರು, ಮೊಟ್ಟೆಗಳಿಂದ ನಾಯಿಯನ್ನು ಚೆನ್ನಾಗಿ ಸಾಕಬಹುದು, ಆದರೆ ಅದಕ್ಕೆ ಲೆಕ್ಕ ಬೇಕು. ಬೆಕ್ಕನ್ನು ಅಡುಗೆಮನೆಯ ಸಸ್ಯಾಹಾರದಿಂದ ಸಾಕಲು ಬರುವುದಿಲ್ಲ. ಇವೆರಡರ ಕಾರಣವನ್ನು ತಿಳಿದುಕೊಂಡರೆ, ಯಾವ ಪ್ರಾಣಿಯನ್ನು ಸಾಕಬೇಕು, ಯಾವುದನ್ನು ಸಾಕಬಾರದು ಎಂಬುದನ್ನು ನೀವೇ ನಿರ್ಧರಿಸಬಹುದು. ನನ್ನ ವಿಷಯ ಬೇಸಾಯಶಾಸ್ತ್ರ. ಆದ್ದರಿಂದ ರೋಗ, ಔಷಧಿಗಳ ಮಾತನ್ನು ಪಶುವೈದ್ಯರಿಗೆ ಬಿಟ್ಟು, ನಾವು ಬೆಳೆಯುವ ಕಾಳುಕಡಿಯಲ್ಲಿ ಏನಿದೆ, ಏನಿಲ್ಲ ಎಂಬ ಕಡೆಯಿಂದ ಈ ವಿಷಯವನ್ನು ನೋಡೋಣ.

ಹಿಂದೆ ಹೇಗೆ ನಡೆಯುತ್ತಿತ್ತು?

"ನಮ್ಮ ತಾತನ ಕಾಲದಿಂದ ನಾಯಿಗೆ ಮುದ್ದೆಯನ್ನೇ ಹಾಕಿದ್ದೇವೆ, ಅದಕ್ಕೇನೂ ಆಗಿಲ್ಲ" ಎಂದು ಅನೇಕರು ಹೇಳುವುದುಂಟು. ಮಾತು ಸುಳ್ಳಲ್ಲ. ಉತ್ತರ ಕರ್ನಾಟಕದಲ್ಲಿ ಹೆಸರಾಂತ ಮುಧೋಳ ನಾಯಿಯನ್ನೂ ಜೋಳ, ಮೆಕ್ಕೆಜೋಳದ ಊಟ, ಹಾಲು ಹಾಕಿ ಸಾಕುವ ರೂಢಿಯಿದೆ. 2005ರಲ್ಲಿ ಭಾರತದ ಅಂಚೆ ಚೀಟಿಯ ಮೇಲೆ ಬಂದ ತಳಿ ಅದು.

ಆದರೆ ಈ ಮಾತಿನಲ್ಲಿ ಒಂದು ಅಂಶ ಬಿಟ್ಟುಹೋಗಿದೆ. ತಾತನ ಕಾಲದ ನಾಯಿಗೆ ಸರಪಳಿ ಇರಲಿಲ್ಲ. ಬೆಳಿಗ್ಗೆ ಮುದ್ದೆ ತಿಂದ ನಾಯಿ ದಿನವಿಡೀ ಊರು, ಹೊಲ ಸುತ್ತುತ್ತಿತ್ತು. ಹೊಲದಲ್ಲಿ ಇಲಿ, ಓತಿಕೇತ, ಮಿಡತೆ ಹಿಡಿಯುತ್ತಿತ್ತು. ಸತ್ತ ಕರು, ಕುರಿಯ ಪಾಲು ಅದಕ್ಕೂ ಸಿಗುತ್ತಿತ್ತು. ಹಸು ಈದಾಗ ಬಿದ್ದ ಸತ್ತೆಯನ್ನೂ ತಿನ್ನುತ್ತಿತ್ತು. ನಾವು ಹಾಕಿದ ಮುದ್ದೆ ಅದರ ಊಟದ ಒಂದು ಭಾಗ ಮಾತ್ರ. ಉಳಿದದ್ದನ್ನು ಅದು ತಾನೇ ಹುಡುಕಿಕೊಳ್ಳುತ್ತಿತ್ತು, ನಮಗೆ ಗೊತ್ತಾಗುತ್ತಿರಲಿಲ್ಲ.

ಬೆಕ್ಕಿನ ಕಥೆಯೂ ಇದೇ. ಹಾಲು ಅನ್ನ ಉಂಡು ಬೆಳೆದ ಬೆಕ್ಕು ಎಂದು ನಾವು ತಿಳಿದದ್ದು ನಿಜಕ್ಕೂ ಇಲಿ ತಿಂದು ಬೆಳೆದ ಬೆಕ್ಕು. ಹಾಲು ಅನ್ನ ಅದನ್ನು ಮನೆಯ ಬಳಿ ಉಳಿಸಿತು, ಇಲಿ ಅದರ ಕಣ್ಣು, ಹೃದಯಗಳನ್ನು ಉಳಿಸಿತು.

ಈಗ ಕಾಲ ಬದಲಾಗಿದೆ. ತೋಟಕ್ಕೆ ತಂತಿ ಬೇಲಿ ಬಂದಿದೆ. ರಸ್ತೆಯಲ್ಲಿ ವಾಹನಗಳು ಹೆಚ್ಚಿವೆ. ನೆರೆಯವರ ಕೋಳಿ ಹಿಡಿದರೆ ಜಗಳವಾಗುತ್ತದೆಂದು ನಾಯಿಯನ್ನು ಹಗಲೆಲ್ಲ ಕಟ್ಟಿಹಾಕುತ್ತೇವೆ. ಬೆಕ್ಕನ್ನು ತಾರಸಿ ಮನೆಯೊಳಗೇ ಇಡುವವರೂ ಇದ್ದಾರೆ. ಪ್ರಾಣಿಯನ್ನು ಕಟ್ಟಿದ ದಿನದಿಂದ ಅದರ ತಟ್ಟೆಯ ಪೂರ್ತಿ ಹೊಣೆ ನಮ್ಮದಾಗುತ್ತದೆ. ತಟ್ಟೆಯಲ್ಲಿ ಇಲ್ಲದ್ದು ಅದರ ಹೊಟ್ಟೆಗೆ ಎಲ್ಲಿಂದಲೂ ಬರುವುದಿಲ್ಲ.

ಕನಿಷ್ಠದ ನಿಯಮ

ಬೆಳೆಗೆ ಸಾರಜನಕ, ರಂಜಕ, ಪೊಟ್ಯಾಷ್ ಎಷ್ಟೇ ಹಾಕಿದರೂ ಸತುವಿನ ಕೊರತೆಯಿದ್ದರೆ ಇಳುವರಿ ಅಲ್ಲಿಗೇ ನಿಲ್ಲುತ್ತದೆ ಎಂಬುದು ನಿಮಗೆ ತಿಳಿದಿದೆ. ಮೆಕ್ಕೆಜೋಳದ ಎಳೆ ಗರಿ ಬಿಳಿಚಿಕೊಂಡಾಗ ಇನ್ನೊಂದು ಚೀಲ ಯೂರಿಯಾ ಸುರಿದರೆ ಪ್ರಯೋಜನವಿಲ್ಲ, ಸತುವಿನ ಸಲ್ಫೇಟ್ ಹಾಕಬೇಕು. ಅತಿ ಕಡಿಮೆ ಇರುವ ಪೋಷಕಾಂಶವೇ ಬೆಳೆಯ ಮಿತಿಯನ್ನು ಗೊತ್ತುಮಾಡುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಲೀಬಿಗ್ ಪ್ರಚಾರಕ್ಕೆ ತಂದ ಈ ಕನಿಷ್ಠದ ನಿಯಮ ಪ್ರಾಣಿಯ ಹೊಟ್ಟೆಗೂ ಅನ್ವಯಿಸುತ್ತದೆ.

ಸಸಾರಜನಕವು ಅನೇಕ ಅಮೈನೋ ಆಮ್ಲಗಳಿಂದ ಆಗಿದೆ. ರಾಗಿ, ಜೋಳ, ಅಕ್ಕಿಗಳಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ. ಹುರುಳಿ, ತೊಗರಿ, ಸೋಯಾ ಅವರೆಗಳಲ್ಲಿ ಲೈಸಿನ್ ಹೇರಳ, ಆದರೆ ಮೆಥಿಯೋನಿನ್ ಕಡಿಮೆ. ಎರಡನ್ನೂ ಕೂಡಿಸಿ ಉಣಿಸಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಮುದ್ದೆಯ ಜೊತೆ ಹುರುಳಿ ಸಾರು ಉಣ್ಣುವ ನಮ್ಮ ಪದ್ಧತಿಯ ಗುಟ್ಟು ಇದೇ. ಬರೀ ಮುದ್ದೆ ತಿನ್ನುವ ನಾಯಿಗೆ ಈ ಅನುಕೂಲ ಇಲ್ಲ.

ನಾಯಿಗೆ ಕಾಳು ಒಗ್ಗುತ್ತದೆ

ನಾಯಿ ತೋಳದ ವಂಶದ್ದು. ಆದರೆ ಮನುಷ್ಯನ ಜೊತೆ ಸಾವಿರಾರು ವರ್ಷ ಬಾಳಿದ ಮೇಲೆ ಅದರ ಹೊಟ್ಟೆ ಬದಲಾಗಿದೆ. ಸ್ವೀಡನ್ನಿನ ಉಪ್ಸಾಲ ವಿಶ್ವವಿದ್ಯಾಲಯದ ಎರಿಕ್ ಆಕ್ಸೆಲ್ಸನ್ ಮತ್ತು ಸಂಗಡಿಗರು 2013ರಲ್ಲಿ ಇದನ್ನು ವಂಶವಾಹಿಗಳಲ್ಲೇ ಕಂಡರು. ಪಿಷ್ಟವನ್ನು ಜೀರ್ಣಿಸುವ ಕಿಣ್ವವನ್ನು ತಯಾರಿಸುವ ವಂಶವಾಹಿಯ ಪ್ರತಿಗಳು ತೋಳದಲ್ಲಿ ಎರಡು ಮಾತ್ರ. ನಾಯಿಗಳಲ್ಲಿ ನಾಲ್ಕರಿಂದ ಮೂವತ್ತರವರೆಗೆ ಇವೆ. ಮನುಷ್ಯನು ಬೇಸಾಯ ಕಲಿತಾಗ ಅವನ ಎಂಜಲಿನ ಮೇಲೆ ಬಾಳಲು ನಾಯಿಯೂ ಕಲಿಯಿತು ಎನ್ನಬಹುದು.

ಇಷ್ಟೇ ಅಲ್ಲದೆ, ಸೊಪ್ಪು, ಗಜ್ಜರಿಗಳಲ್ಲಿರುವ ಕೆರೋಟಿನ್‌ನಿಂದ ನಾಯಿಯ ದೇಹ ಎ ಜೀವಸತ್ವವನ್ನು ಮಾಡಿಕೊಳ್ಳಬಲ್ಲದು. ಸರಿಯಾದ ಅಮೈನೋ ಆಮ್ಲಗಳು ಸಾಕಷ್ಟಿದ್ದರೆ ಟಾರಿನ್ ಎಂಬ ಅಗತ್ಯ ವಸ್ತುವನ್ನೂ ಅದು ಸಾಮಾನ್ಯವಾಗಿ ತಾನೇ ತಯಾರಿಸಿಕೊಳ್ಳುತ್ತದೆ. ಆದ್ದರಿಂದ ಮಾಂಸವಿಲ್ಲದೆ ನಾಯಿ ಬದುಕಬಲ್ಲದು. ಪ್ರಶ್ನೆ ಇರುವುದು ನಾವು ಹಾಕುವ ಊಟ ಪೂರ್ಣವೇ ಎಂಬುದರಲ್ಲಿ.

ಒಂದು ದಿನದ ಲೆಕ್ಕ

ನಮ್ಮ ಊರ ನಾಯಿಯ ತೂಕ ಸುಮಾರು 15 ಕೆ.ಜಿ. ಎಂದಿಟ್ಟುಕೊಳ್ಳಿ. ಓಡಾಡಿಕೊಂಡಿರುವ ಬೆಳೆದ ನಾಯಿಗೆ ದಿನಕ್ಕೆ ಸುಮಾರು 900ರಿಂದ 1,000 ಕ್ಯಾಲೊರಿ ಶಕ್ತಿ, 40ರಿಂದ 45 ಗ್ರಾಂ ಸಸಾರಜನಕ, ಕಡಿಮೆಯೆಂದರೂ 1 ಗ್ರಾಂ ಸುಣ್ಣದ ಅಂಶ ಬೇಕು. ಸುಣ್ಣದ ಅಂಶ ರಂಜಕಕ್ಕಿಂತ ಕಡಿಮೆಯಾಗಬಾರದು.

ಮೊದಲು ಅನ್ನ, ಮಜ್ಜಿಗೆಯ ಲೆಕ್ಕ ನೋಡೋಣ. ಒಂದು ದಿನಕ್ಕೆ 250 ಗ್ರಾಂ ಅಕ್ಕಿಯ ಅನ್ನ, ಒಂದು ಲೋಟ ನೀರು ಮಜ್ಜಿಗೆ ಹಾಕಿದಿರಿ. ಶಕ್ತಿ ಸುಮಾರು 900 ಕ್ಯಾಲೊರಿ ಸಿಕ್ಕಿತು, ಹೊಟ್ಟೆಯೂ ತುಂಬಿತು. ಆದರೆ ಸಸಾರಜನಕ ಸಿಕ್ಕಿದ್ದು ಸುಮಾರು 19 ಗ್ರಾಂ, ಬೇಕಾದುದರ ಅರ್ಧಕ್ಕಿಂತ ಕಡಿಮೆ. ಸುಣ್ಣದ ಅಂಶ ಸಿಕ್ಕಿದ್ದು 100 ಮಿಲಿಗ್ರಾಂಗೂ ಕಡಿಮೆ, ಬೇಕಾದುದರ ಹತ್ತನೇ ಒಂದು ಪಾಲೂ ಇಲ್ಲ. ಈ ನಾಯಿ ಹಸಿವೆಂದು ಕೂಗುವುದಿಲ್ಲ. ರಕ್ತಕ್ಕೆ ಬೇಕಾದ ಸುಣ್ಣವನ್ನು ತನ್ನ ಎಲುಬಿನಿಂದಲೇ ತೆಗೆದುಕೊಳ್ಳುತ್ತಾ ಹೋಗುತ್ತದೆ. ಮರಿಯಾದರೆ ಕಾಲು ಸೊಟ್ಟಗಾಗುತ್ತದೆ.

ಈಗ ಇನ್ನೊಂದು ಊಟದ ಲೆಕ್ಕ:

1. ರಾಗಿ ಹಿಟ್ಟು 150 ಗ್ರಾಂ (ಮಧ್ಯಮ ಗಾತ್ರದ ಎರಡು ಮುದ್ದೆ).
2. ಹುರುಳಿ ಕಾಳು 60 ಗ್ರಾಂ, ರಾತ್ರಿ ನೆನೆಸಿ ಚೆನ್ನಾಗಿ ಬೇಯಿಸಿ ಹಿಸುಕಿದ್ದು.
3. ಬೇಯಿಸಿದ ಕೋಳಿ ಮೊಟ್ಟೆ 2.
4. ಮೊಸರು 200 ಗ್ರಾಂ.
5. ಅಡುಗೆ ಎಣ್ಣೆ ಒಂದು ಚಮಚ, ಬೇಯಿಸಿದ ಸೊಪ್ಪು ಅಥವಾ ಕುಂಬಳ ಒಂದು ಹಿಡಿ, ಅಯೋಡಿನ್ ಬೆರೆತ ಉಪ್ಪು ಒಂದು ಚಿಟಿಕೆ.

ಇದರಿಂದ ಸುಮಾರು 1,000 ಕ್ಯಾಲೊರಿ ಶಕ್ತಿ, 43 ಗ್ರಾಂ ಸಸಾರಜನಕ, 1 ಗ್ರಾಂನಷ್ಟು ಸುಣ್ಣದ ಅಂಶ ದೊರೆಯುತ್ತದೆ. ಇದರಲ್ಲಿ ಸುಣ್ಣದ ಅಂಶದ ಅರ್ಧ ಭಾಗ ರಾಗಿಯಿಂದಲೇ ಬಂದದ್ದು. 100 ಗ್ರಾಂ ರಾಗಿಯಲ್ಲಿ 344 ಮಿಲಿಗ್ರಾಂ ಸುಣ್ಣದ ಅಂಶವಿದ್ದರೆ, ಜೋಳದಲ್ಲಿ 25, ಪಾಲಿಶ್ ಮಾಡಿದ ಅಕ್ಕಿಯಲ್ಲಿ 10 ಮಿಲಿಗ್ರಾಂ ಮಾತ್ರ. ಹಳೆಯ ಮೈಸೂರು ಸೀಮೆಯ ನಾಯಿ ಮುದ್ದೆಯ ಮೇಲೆ ಗಟ್ಟಿಯಾಗಿ ಬೆಳೆದುದಕ್ಕೆ ಇದೂ ಒಂದು ಕಾರಣ. ಜೋಳ ಅಥವಾ ಅಕ್ಕಿ ಉಣಿಸುವವರು ಸುಣ್ಣದ ಅಂಶವನ್ನು ಬೇರೆಯಾಗಿ ಒದಗಿಸಲೇಬೇಕು.

ಈ ಲೆಕ್ಕವನ್ನು ಬಳಸುವಾಗ ನಾಲ್ಕು ಮಾತು ನೆನಪಿಡಿ.

ಒಂದು, ನಾಯಿಯ ತೂಕ ಎರಡು ಪಟ್ಟಾದರೆ ಊಟ ಎರಡು ಪಟ್ಟು ಬೇಡ, ಒಂದೂಮುಕ್ಕಾಲು ಪಟ್ಟು ಸಾಕು. ಸದಾ ಕಟ್ಟಿರುವ ನಾಯಿಗೆ ಇನ್ನೂ ಸ್ವಲ್ಪ ಕಡಿಮೆ ಸಾಕು. ಬೆನ್ನಿನ ಮೇಲೆ ಕೈಯಾಡಿಸಿದರೆ ಪಕ್ಕೆಲುಬು ಕೈಗೆ ತಗಲಬೇಕು, ಕಣ್ಣಿಗೆ ಎದ್ದು ಕಾಣಬಾರದು.

ಎರಡು, ಕಾಳುಗಳಲ್ಲಿರುವ ಫೈಟಿಕ್ ಆಮ್ಲ ಸುಣ್ಣ, ಸತು, ಕಬ್ಬಿಣಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಲೆಕ್ಕದಲ್ಲಿ ಇದ್ದುದೆಲ್ಲ ಮೈಗೆ ಹತ್ತುವುದಿಲ್ಲ. ರಾಗಿಯನ್ನು ಮೊಳಕೆ ಕಟ್ಟಿ ಒಣಗಿಸಿ ಹಿಟ್ಟು ಮಾಡಿದರೆ ಈ ತೊಂದರೆ ಕಡಿಮೆಯಾಗುತ್ತದೆ. ಸತುವಿನ ಕೊರತೆಯಾದರೆ ನಾಯಿಯ ಮೂಗು, ಕಣ್ಣಿನ ಸುತ್ತ ಚರ್ಮ ಹೊಪ್ಪಳೆ ಕಟ್ಟಿ ಕೂದಲು ಉದುರುತ್ತದೆ. ಇದನ್ನು ಕಜ್ಜಿಯೆಂದು ತಿಳಿದು ಬೇವಿನೆಣ್ಣೆ ಹಚ್ಚುತ್ತಾ ಕೂರಬೇಡಿ.

ಮೂರು, ಹುರುಳಿ, ಸೋಯಾ ಅವರೆಗಳನ್ನು ಹಸಿಯಾಗಿ ಹಾಕಬಾರದು. ಸಸಾರಜನಕ ಜೀರ್ಣವಾಗದಂತೆ ತಡೆಯುವ ವಸ್ತು ಇವುಗಳಲ್ಲಿದೆ. ಚೆನ್ನಾಗಿ ಬೇಯಿಸಿದರೆ ಅದು ನಾಶವಾಗುತ್ತದೆ.

ನಾಲ್ಕು, ಈ ಊಟದಲ್ಲಿಯೂ ಸತು ಮತ್ತು ಡಿ ಜೀವಸತ್ವ ಸಾಲದು. ಮನುಷ್ಯನಂತೆ ಬಿಸಿಲಿಗೆ ಮೈಯೊಡ್ಡಿ ಡಿ ಜೀವಸತ್ವವನ್ನು ಬೇಕಾದಷ್ಟು ತಯಾರಿಸಿಕೊಳ್ಳುವ ಶಕ್ತಿ ನಾಯಿಯ ಚರ್ಮಕ್ಕಿಲ್ಲ. ಆದ್ದರಿಂದ ನಾಯಿಗಾಗಿಯೇ ತಯಾರಿಸಿದ ಖನಿಜ ಮತ್ತು ಜೀವಸತ್ವಗಳ ಮಿಶ್ರಣವನ್ನು ಪಶುವೈದ್ಯರು ಹೇಳಿದ ಪ್ರಮಾಣದಲ್ಲಿ ಬೆರೆಸಬೇಕು. ಹಸುವಿನ ಖನಿಜ ಮಿಶ್ರಣ ಮನೆಯಲ್ಲೇ ಇದೆಯೆಂದು ಅದನ್ನು ನಾಯಿಗೆ ಹಾಕಬೇಡಿ, ಅದರ ಪ್ರಮಾಣಗಳೇ ಬೇರೆ.

ಹಾಲು, ಮೊಟ್ಟೆಯೂ ಬೇಡವೆಂದರೆ

ಮೊಟ್ಟೆ ತರದ ಮನೆಯವರು ಎರಡು ಮೊಟ್ಟೆಯ ಬದಲು 40 ಗ್ರಾಂ ಸೋಯಾ ಅವರೆಯನ್ನು ನೆನೆಸಿ ಬೇಯಿಸಿ ಹಾಕಿದರೆ ಸಸಾರಜನಕದ ಲೆಕ್ಕ ಸರಿಹೋಗುತ್ತದೆ. ಮೊಸರು ಇರುವವರೆಗೆ ಬಿ-12 ಜೀವಸತ್ವವೂ ಸ್ವಲ್ಪ ಸಿಗುತ್ತದೆ. ಮೊಸರನ್ನೂ ಬಿಟ್ಟರೆ ಬಿ-12 ಪೂರ್ತಿ ನಿಲ್ಲುತ್ತದೆ, ಏಕೆಂದರೆ ನಾವು ಬೆಳೆಯುವ ಯಾವ ಬೆಳೆಯಲ್ಲೂ ಅದು ಇಲ್ಲ. ಸುಣ್ಣದ ಅಂಶದಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಕಡಿಮೆಯಾಗುತ್ತದೆ. ಮೆಥಿಯೋನಿನ್ ಕೊರತೆ ಬೀಳುವುದರಿಂದ ಟಾರಿನ್ ತಯಾರಿಕೆಯೂ ಕುಂಠಿತವಾಗಬಹುದು. ಇವೆಲ್ಲವನ್ನೂ ಹೊರಗಿನಿಂದ ಬೆರೆಸಿದ ಆಹಾರವೇ ಬೇಕಾಗುತ್ತದೆ.

ಬ್ರಿಟನ್ನಿನ ಪಶುವೈದ್ಯರ ಸಂಘವು 2024ರಲ್ಲಿ ಈ ಬಗ್ಗೆ ತನ್ನ ನಿಲುವನ್ನು ಪ್ರಕಟಿಸಿತು. ತಜ್ಞರ ಮಾರ್ಗದರ್ಶನವಿದ್ದರೆ ಮಾಂಸವಿಲ್ಲದ ಆಹಾರದಿಂದ ನಾಯಿಯ ಅಗತ್ಯಗಳನ್ನು ಪೂರೈಸುವುದು ಸಾಧ್ಯ, ಬೆಕ್ಕಿಗೆ ಮಾತ್ರ ಇಂಥ ಆಹಾರ ಕೊಡಬಾರದು ಎಂಬುದೇ ಅದರ ಸಾರಾಂಶ. ತಜ್ಞರ ಮಾರ್ಗದರ್ಶನ ಎಂಬ ಮಾತನ್ನು ಬಿಟ್ಟು ಓದಬಾರದು. ಎಲ್ಲವನ್ನೂ ಬೇಳೆಯಿಂದಲೇ ತುಂಬಿಸುತ್ತೇನೆ ಎನ್ನುವುದೂ ಸರಿಯಲ್ಲ. ಬಟಾಣಿ, ಮಸೂರ ಮುಂತಾದ ಬೇಳೆಕಾಳು ಹೆಚ್ಚಾಗಿ ಬೆರೆತ ಪೊಟ್ಟಣದ ಆಹಾರ ತಿಂದ ನಾಯಿಗಳಲ್ಲಿ ಹೃದಯ ಹಿಗ್ಗುವ ಕಾಯಿಲೆ ಕಂಡುಬಂದ ವರದಿಗಳ ಬಗ್ಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2018ರಲ್ಲಿ ತನಿಖೆ ಆರಂಭಿಸಿತು. ಬೇಳೆಯೇ ಕಾರಣವೆಂದು ಸಾಬೀತಾಗಿಲ್ಲ. ಆದರೂ ಧಾನ್ಯ, ಬೇಳೆ ಎರಡೂ ಹದವಾಗಿ ಇರಬೇಕೆಂಬುದಕ್ಕೆ ಇದು ಎಚ್ಚರಿಕೆ.

ಮರಿಗಳು, ಗಬ್ಬದ ನಾಯಿ, ಮರಿಗೆ ಹಾಲು ಕೊಡುವ ನಾಯಿ, ಇವುಗಳ ಮೇಲೆ ಇಂಥ ಪ್ರಯೋಗ ಬೇಡವೇ ಬೇಡ.

ಬೆಕ್ಕಿನ ಸಂಗತಿ ಬೇರೆ

ನಾಯಿಗೆ ಹೇಳಿದ ಯಾವ ಲೆಕ್ಕವೂ ಬೆಕ್ಕಿಗೆ ಅನ್ವಯಿಸುವುದಿಲ್ಲ. ಬೆಕ್ಕು ಹುಲಿಯ ಕುಲದ್ದು ಎಂಬ ಮಾತು ಅದರ ಹೊಟ್ಟೆಯ ಮಟ್ಟಿಗೆ ಪೂರ್ತಿ ನಿಜ. ಮಾಂಸದಲ್ಲಿ ಸಿದ್ಧವಾಗಿ ಸಿಗುವ ವಸ್ತುಗಳನ್ನು ತಯಾರಿಸಿಕೊಳ್ಳುವ ಶಕ್ತಿಯನ್ನು ಅದರ ದೇಹ ಉಳಿಸಿಕೊಂಡಿಲ್ಲ.

ಕೆರೋಟಿನ್‌ನಿಂದ ಎ ಜೀವಸತ್ವ ಮಾಡಿಕೊಳ್ಳಲು ಬೆಕ್ಕಿಗೆ ಬರುವುದಿಲ್ಲ. ಎಷ್ಟು ಗಜ್ಜರಿ ತಿನ್ನಿಸಿದರೂ ವ್ಯರ್ಥ. ಟ್ರಿಪ್ಟೊಫಾನ್ ಎಂಬ ಅಮೈನೋ ಆಮ್ಲದಿಂದ ನಯಾಸಿನ್ ಮಾಡಿಕೊಳ್ಳಲಾರದು. ಪ್ರಾಣಿ ಕೊಬ್ಬಿನಲ್ಲಿರುವ ಅರಾಕಿಡೋನಿಕ್ ಆಮ್ಲವನ್ನು ಅಡುಗೆ ಎಣ್ಣೆಯಿಂದ ಸಾಕಷ್ಟು ತಯಾರಿಸಿಕೊಳ್ಳಲಾರದು. ಎಲ್ಲಕ್ಕಿಂತ ಮುಖ್ಯವಾದುದು ಟಾರಿನ್. ಇದನ್ನು ಬೆಕ್ಕಿನ ದೇಹ ತಯಾರಿಸುವುದು ತೀರ ಕಡಿಮೆ, ದಿನವೂ ಕಳೆದುಕೊಳ್ಳುವುದು ಹೆಚ್ಚು. ನಾವು ಬೆಳೆಯುವ ಕಾಳು, ಬೇಳೆ, ಸೊಪ್ಪುಗಳಲ್ಲಿ ಟಾರಿನ್ ಇಲ್ಲವೆಂದೇ ಹೇಳಬೇಕು. ಹಾಲಿನಲ್ಲೂ ಮೊಟ್ಟೆಯಲ್ಲೂ ಅತ್ಯಲ್ಪ.

ಇದರ ಪರಿಣಾಮವೇನು? 1975ರಲ್ಲಿ ಅಮೆರಿಕದ ವಿಜ್ಞಾನಿಗಳು ಹಾಲಿನ ಸಸಾರಜನಕವಾದ ಕೇಸಿನ್ ಆಧಾರದ ಆಹಾರವನ್ನು ತಿಂದ ಬೆಕ್ಕುಗಳ ಕಣ್ಣಿನ ಒಳಪರದೆ ನಾಶವಾಗುವುದನ್ನು ಕಂಡು, ಅದಕ್ಕೆ ಟಾರಿನ್ ಕೊರತೆಯೇ ಕಾರಣವೆಂದು ತೋರಿಸಿದರು. ಸಸಾರಜನಕ ಬೇಕಾದಷ್ಟು ಇತ್ತು, ಆದರೂ ಕಣ್ಣು ಹೋಯಿತು. ಹಾಗೆ ನಾಶವಾದ ಪರದೆ ಮತ್ತೆ ಬೆಳೆಯುವುದಿಲ್ಲ. 1987ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಪಾಲ್ ಪಿಯಾನ್ ಮತ್ತು ಸಂಗಡಿಗರು ಬೆಕ್ಕುಗಳ ಹೃದಯ ಹಿಗ್ಗಿ ಬಲಗುಂದುವ ಕಾಯಿಲೆಗೂ ಟಾರಿನ್ ಕೊರತೆಗೂ ಇರುವ ಸಂಬಂಧವನ್ನು ಪ್ರಕಟಿಸಿದರು. ಟಾರಿನ್ ಕೊಟ್ಟಾಗ ಆ ಬೆಕ್ಕುಗಳ ಹೃದಯ ಸುಧಾರಿಸಿತು. ಅನಂತರ ತಯಾರಕರು ಬೆಕ್ಕಿನ ಆಹಾರಕ್ಕೆ ಟಾರಿನ್ ಹೆಚ್ಚಾಗಿ ಬೆರೆಸತೊಡಗಿದರು.

ಟಾರಿನ್ ಅನ್ನು ಈಗ ಕಾರ್ಖಾನೆಯಲ್ಲಿ ತಯಾರಿಸುತ್ತಾರಲ್ಲ, ಅದನ್ನೇ ಅನ್ನಕ್ಕೆ ಬೆರೆಸಿದರಾಯಿತು ಎಂದು ಕೆಲವರು ಕೇಳಬಹುದು. ಟಾರಿನ್ ಒಂದೇ ಕೊರತೆಯಾಗಿದ್ದರೆ ಹಾಗೆ ಮಾಡಬಹುದಿತ್ತು. ಮೇಲೆ ಹೇಳಿದ ಉಳಿದ ಕೊರತೆಗಳೂ ಇವೆ. ಇದಲ್ಲದೆ ಸಸ್ಯಾಹಾರದಿಂದ ಬೆಕ್ಕಿನ ಮೂತ್ರದ ಹುಳಿ ಕಡಿಮೆಯಾಗಿ ಮೂತ್ರದಲ್ಲಿ ಹರಳು ಕಟ್ಟುವ ಅಪಾಯ ಹೆಚ್ಚುತ್ತದೆ. ಗಂಡು ಬೆಕ್ಕಿನ ಮೂತ್ರನಾಳ ಕಿರಿದಾದುದರಿಂದ ಹರಳು ಸಿಕ್ಕಿಕೊಂಡು ಒಂದೆರಡು ದಿನಗಳಲ್ಲೇ ಪ್ರಾಣ ಹೋಗಬಹುದು. ಇದು ಮನೆಯ ಒಲೆಯ ಮೇಲೆ ಸರಿಪಡಿಸುವ ಕೆಲಸವಲ್ಲ.

ಹಾಗಾದರೆ ಬೆಕ್ಕಿಗೆ ಏನು ಹಾಕಬೇಕು? ಮೀನು, ಮಾಂಸ ತರುವ ಮನೆಗಳಲ್ಲಿ ಕಷ್ಟವಿಲ್ಲ. ಕರಾವಳಿಯ ಮನೆಗಳಲ್ಲಿ ಬೂತಾಯಿ ಮೀನಿನ ತಲೆಯೇ ಬೆಕ್ಕಿನ ಊಟ. ಮೀನನ್ನು ಬೇಯಿಸಿ ಹಾಕುವುದು ಮೇಲು, ಏಕೆಂದರೆ ಕೆಲವು ಹಸಿ ಮೀನುಗಳು ಬಿ-1 ಜೀವಸತ್ವವನ್ನು ನಾಶಮಾಡುತ್ತವೆ. ಬೇಯಿಸಿದ ನೀರನ್ನು ಚೆಲ್ಲಬೇಡಿ, ಟಾರಿನ್ ಆ ನೀರಿಗೆ ಇಳಿದಿರುತ್ತದೆ.

ಮೀನು, ಮಾಂಸ ತರದ ಮನೆಯವರಿಗೆ ಎರಡು ದಾರಿಗಳಿವೆ. ಬೆಕ್ಕನ್ನು ಕಟ್ಟದೆ, ಕೂಡಿಹಾಕದೆ ಕಣಜ, ಕೊಟ್ಟಿಗೆಗಳಲ್ಲಿ ಸ್ವತಂತ್ರವಾಗಿ ಬಿಡುವುದು ಒಂದು. ಊಟ ಹಾಕಿದರೆ ಬೆಕ್ಕು ಇಲಿ ಹಿಡಿಯುವುದಿಲ್ಲ ಎಂಬುದು ತಪ್ಪು ತಿಳಿವಳಿಕೆ, ಹೊಟ್ಟೆ ತುಂಬಿದ ಬೆಕ್ಕೂ ಬೇಟೆಯಾಡುತ್ತದೆ. ಆದರೆ ಬೆಕ್ಕನ್ನು ಇಲಿಯ ಮೇಲೆ ಬಿಟ್ಟವರು ಅದೇ ಜಾಗದಲ್ಲಿ ಇಲಿ ಪಾಷಾಣ ಇಡಬಾರದು. ಸತುವಿನ ಫಾಸ್ಫೈಡ್ ಅಥವಾ ಬ್ರೋಮಾಡಿಯೋಲೋನ್ ತಿಂದ ಇಲಿಯನ್ನು ತಿಂದರೆ ಬೆಕ್ಕಿನ ಪ್ರಾಣಕ್ಕೂ ಅಪಾಯ. ಬೆಕ್ಕನ್ನು ಸಾಕದೇ ಇರುವುದು ಎರಡನೆಯ ದಾರಿ. ಕಾಳಿಗೆ ಲೋಹದ ಕಣಜ, ಇಲಿಗೆ ಬೋನು ಇಟ್ಟುಕೊಂಡರೆ ಬೆಕ್ಕಿಲ್ಲದೆಯೂ ನಡೆಯುತ್ತದೆ.

ಹಾಕಬಾರದ ಪದಾರ್ಥಗಳು

1. ಈರುಳ್ಳಿ, ಬೆಳ್ಳುಳ್ಳಿ: ಹಸಿಯಾಗಲಿ ಬೇಯಿಸಿದ್ದಾಗಲಿ, ಇವು ನಾಯಿ ಬೆಕ್ಕುಗಳ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ನಮ್ಮ ಸಾರು, ಹುಳಿಗಳನ್ನು ಹಾಗೆಯೇ ಸುರಿಯುವುದು ಈ ಕಾರಣಕ್ಕೆ ತಪ್ಪು. ಒಗ್ಗರಣೆಗೆ ಮೊದಲೇ ಬೇಳೆಯನ್ನು ಬೇರೆ ತೆಗೆದಿಡಿ.

2. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್: ದ್ರಾಕ್ಷಿಯಿಂದ ನಾಯಿಯ ಮೂತ್ರಪಿಂಡ ಕೆಡಬಹುದು. ದ್ರಾಕ್ಷಿ ತೋಟದವರು ಉದುರಿದ ಹಣ್ಣಿನ ಬಗ್ಗೆ ಎಚ್ಚರವಾಗಿರಬೇಕು.

3. ಬೂಷ್ಟು ಹಿಡಿದ ಕಾಳು, ಕಡಲೆಕಾಯಿ, ಹಿಂಡಿ: 'ನಮಗೆ ಬೇಡವಾದದ್ದು ನಾಯಿಗೆ' ಎಂಬ ಅಭ್ಯಾಸದಲ್ಲಿ ಅತ್ಯಂತ ಅಪಾಯಕಾರಿಯಾದುದು ಇದು. ಬೂಷ್ಟಿನಲ್ಲಿ ಬೆಳೆಯುವ ಅಫ್ಲಟಾಕ್ಸಿನ್ ವಿಷ ಬೇಯಿಸಿದರೂ ಹೋಗುವುದಿಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿ ಕಡಲೆಕಾಯಿ ಹಿಂಡಿ ತಿಂದ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತ ಮೇಲೆ ಈ ವಿಷ ಪತ್ತೆಯಾಯಿತು. ನಮ್ಮ ದೇಶದಲ್ಲೇ 1974ರಲ್ಲಿ ರಾಜಸ್ಥಾನ, ಗುಜರಾತ್‌ಗಳ ಗಡಿಯ ಜಿಲ್ಲೆಗಳಲ್ಲಿ ಮಳೆಗೆ ನೆನೆದು ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ಕಾಮಾಲೆ, ಹೊಟ್ಟೆಯುಬ್ಬರಗಳಿಂದ ನೂರಕ್ಕೂ ಹೆಚ್ಚು ಜನ ಸತ್ತರು. ಅದೇ ಹಳ್ಳಿಗಳ ನಾಯಿಗಳಿಗೂ ಅದೇ ಕಾಯಿಲೆ ಬಂದಿತ್ತು. ಬೂಷ್ಟು ಕಾಳನ್ನು ಗುಂಡಿಯಲ್ಲಿ ಹೂಳಿ, ಯಾವ ಪ್ರಾಣಿಗೂ ಹಾಕಬೇಡಿ.

4. ಹಸಿ ಕರುಳು, ಪಿತ್ತಕೋಶ, ಶ್ವಾಸಕೋಶ: ಮಾಂಸ ಹಾಕುವವರಿಗೆ ಈ ಎಚ್ಚರಿಕೆ. ಕುರಿಯ ಈ ಅಂಗಗಳಲ್ಲಿರುವ ಲಾಡಿಹುಳುವಿನ ಗಂಟುಗಳು ನಾಯಿಯ ಹೊಟ್ಟೆಯಲ್ಲಿ ಹುಳುವಾಗಿ, ಅದರ ಮೊಟ್ಟೆಗಳಿಂದ ಮನೆಯ ಮಕ್ಕಳ ಪಿತ್ತಕೋಶದಲ್ಲೂ ಗಂಟು ಬೆಳೆಯಬಹುದು. ಚೆನ್ನಾಗಿ ಬೇಯಿಸಿ ಹಾಕಿ. ಬೇಯಿಸಿದ ಎಲುಬು ಸೀಳಿ ಕರುಳಿಗೆ ಚುಚ್ಚುವುದರಿಂದ ಅದನ್ನು ಹಾಕಬೇಡಿ.

ಸಾಕುವವನ ಹೊಣೆ

ಇಲ್ಲಿಯವರೆಗೆ ಹೇಳಿದ್ದು ಆಹಾರದ ಲೆಕ್ಕ. ಇದರ ಹಿಂದೆ ಧರ್ಮದ ಲೆಕ್ಕವೂ ಒಂದಿದೆ.

ಮಾಂಸ ಮುಟ್ಟದ ಮನೆಯವರು ಬೆಕ್ಕಿಗಾಗಿ ಮೀನು ತರಬೇಕೆಂದರೆ ಅವರ ಮನಸ್ಸು ಒಪ್ಪದಿರುವುದು ಸಹಜ. ಒಂದು ಜೀವವನ್ನು ಸಾಕಲು ಇನ್ನೊಂದು ಜೀವವನ್ನು ತೆಗೆಯುವುದೇ ಎಂಬ ಪ್ರಶ್ನೆ ಹಗುರವಾದುದಲ್ಲ. ಆ ಪ್ರಶ್ನೆಗೆ ಪ್ರಾಣಿಯನ್ನು ಸಾಕದಿರುವುದು ಒಂದು ಪ್ರಾಮಾಣಿಕ ಉತ್ತರ. ಸಾಕಿ, ಅದಕ್ಕೆ ಬೇಕಾದುದನ್ನು ಕೊಡುವುದು ಇನ್ನೊಂದು ಪ್ರಾಮಾಣಿಕ ಉತ್ತರ. ಬಾಗಿಲು ಮುಚ್ಚಿ ಕೂಡಿಹಾಕಿ, ಹಾಲು ಅನ್ನ ಹಾಕುತ್ತಾ, ಅದರ ಕಣ್ಣು ಮಂಜಾಗುವುದನ್ನು ನೋಡುತ್ತಾ ಇರುವುದು ಅಹಿಂಸೆಯಾಗಲಾರದು. ಅಲ್ಲಿ ಹಿಂಸೆ ಮೀನಿನಿಂದ ಬೆಕ್ಕಿಗೆ ವರ್ಗವಾಯಿತು, ಅಷ್ಟೇ. ವ್ರತ ನಮ್ಮದು, ಅದನ್ನು ಹಿಡಿದವರು ನಾವು. ಪ್ರಾಣಿಯನ್ನು ಯಾರೂ ಕೇಳಿಲ್ಲ, ಅದು ಒಪ್ಪಿಯೂ ಇಲ್ಲ.

ನಾಯಿಯ ವಿಷಯದಲ್ಲೂ ಇದೇ ಮಾತು. ನಾವು ಅದನ್ನು ಕಟ್ಟಿದಾಗ ಅದು ತಾನೇ ಹುಡುಕಿ ತಿನ್ನುವ ಶಕ್ತಿಯನ್ನು ಕಿತ್ತುಕೊಂಡೆವು. ಹಾಗೆ ಕಿತ್ತುಕೊಂಡದ್ದನ್ನು ತಟ್ಟೆಯಲ್ಲಿ ಹಿಂತಿರುಗಿಸಬೇಕಾದುದು ಸಾಲ, ದಾನವಲ್ಲ. ಉಳಿದರೆ ಹಾಕುತ್ತೇನೆ ಎಂಬ ಮಾತು ಸಾಲಗಾರನಿಗೆ ಒಪ್ಪುವುದಿಲ್ಲ. ಕಾನೂನೂ ಇದನ್ನೇ ಹೇಳುತ್ತದೆ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಸಾಕಿದ ಪ್ರಾಣಿಗೆ ಸಾಕಷ್ಟು ಆಹಾರ, ನೀರು, ನೆರಳು ಕೊಡದಿರುವುದು ಅಪರಾಧ. ತೀರ ಗಿಡ್ಡ ಅಥವಾ ಭಾರವಾದ ಸರಪಳಿಯಲ್ಲಿ ಬಹಳ ಹೊತ್ತು ಕಟ್ಟುವುದೂ, ಸದಾ ಕಟ್ಟಿದ ನಾಯಿಯನ್ನು ಓಡಾಡಿಸದಿರುವುದೂ ಅಪರಾಧವೇ.

ಆದ್ದರಿಂದ ಮರಿ ತರುವ ಮೊದಲು ಮನೆಯವರೆಲ್ಲ ಕೂತು ಈ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಈ ಪ್ರಾಣಿಗೆ ಬೇಕಾದ ಊಟ ನಮ್ಮ ಮನೆಯಲ್ಲಿ ಬೇಯುತ್ತದೆಯೇ? ಹತ್ತು ಹನ್ನೆರಡು ವರ್ಷ, ಅದು ಕಾವಲು ಕಾಯಲಾರದ ಮುಪ್ಪಿನಲ್ಲೂ, ಆ ಊಟ ಸಿಗುತ್ತದೆಯೇ? ದಿನಕ್ಕೆ ಎರಡು ಸಲವಾದರೂ ಬಿಚ್ಚಿ ಓಡಾಡಿಸುವವರು ಯಾರು? ಅದು ಹಾಕುವ ಮರಿಗಳ ಗತಿಯೇನು? ಕೊನೆಯ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಪಶು ಆಸ್ಪತ್ರೆಯಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ. ಊರಾಚೆ ಚೀಲದಲ್ಲಿ ಬಿಟ್ಟುಬರುವ ಮರಿಗಳ ಪಾಪಕ್ಕಿಂತ ಅದು ಎಷ್ಟೋ ಮೇಲು. ಹುಚ್ಚುನಾಯಿ ರೋಗದ ಲಸಿಕೆಯನ್ನು ವರ್ಷ ವರ್ಷ ತಪ್ಪದೆ ಹಾಕಿಸಿ.

ನೆನಪಿಡಬೇಕಾದ ಅಂಶಗಳು

ನಾಯಿಗೆ ಧಾನ್ಯದ ಜೊತೆ ಬೇಳೆ, ಮೊಸರು, ಸಾಧ್ಯವಾದರೆ ಮೊಟ್ಟೆ ಕೊಡಿ. ಅನ್ನ ಮಜ್ಜಿಗೆ ಅಥವಾ ಬರೀ ಮುದ್ದೆಯ ಮೇಲೆ ಬಿಡಬೇಡಿ. ಪ್ರಾಣಿಮೂಲದ್ದು ಏನೂ ಬೇಡವೆನ್ನುವವರು ಪಶುವೈದ್ಯರನ್ನು ಕೇಳದೆ ಮುಂದುವರಿಯಬೇಡಿ. ಬೆಕ್ಕಿಗೆ ಮೀನು, ಮಾಂಸ ಕೊಡಲಾಗದಿದ್ದರೆ ಅದನ್ನು ಕೂಡಿಹಾಕಬೇಡಿ. ಕೂಡಿಹಾಕಲೇಬೇಕಾದ ಮನೆಯಾದರೆ ಬೆಕ್ಕು ಸಾಕಬೇಡಿ. ಕೂದಲು ಉದುರುವುದು, ಚರ್ಮ ಒಡೆಯುವುದು, ಕತ್ತಲಲ್ಲಿ ಎಡವುವುದು, ಸ್ವಲ್ಪ ಓಡಿದರೂ ಏದುವುದು ಕಂಡರೆ ಹತ್ತಿರದ ಪಶು ಆಸ್ಪತ್ರೆಗೆ ಕರೆದೊಯ್ಯಿರಿ.

ಎತ್ತಿನ ಮೇವನ್ನು ತೂಗಿ ಹಾಕುವ ಕೈಗೆ ನಾಯಿಯ ಮುದ್ದೆಯನ್ನು ತೂಗುವುದು ಕಷ್ಟವಾಗದು. ನಾಳೆ ಬೆಳಿಗ್ಗೆ ನಾಯಿಗೆ ಹಾಕುವ ಮುನ್ನ ಅದರ ತಟ್ಟೆಯನ್ನೊಮ್ಮೆ ನೋಡಿ, ಮೇಲಿನ ಲೆಕ್ಕಕ್ಕೆ ಹೋಲಿಸಿ. ಕಡಿಮೆ ಬಿದ್ದುದೇನೆಂದು ಗೊತ್ತಾದರೆ, ಒಂದು ಹಿಡಿ ಹುರುಳಿ, ಒಂದು ಬಟ್ಟಲು ಮೊಸರಿನಿಂದಲೇ ಆರಂಭಿಸಬಹುದು.